ಓದುಗರ ಪ್ರಶ್ನೆ: ಗಾಥಿಕ್ ಪಾಠಕ್ಕೆ ಸಿನಿಮಾ ಎಷ್ಟು, ಪುಸ್ತಕ ಎಷ್ಟು?

ಹಳೆ ಕೋಟೆ, ಬೀಗ ಬಿದ್ದ ಕೋಣೆ, ಊರಿಗೆ ಬೇಡವಾದ ಜೀವ ಇಂಥವುಗಳಿಂದ ಹೆಣೆದ ಗಾಥಿಕ್ ಕತೆಗಳನ್ನು ತರಗತಿಯಲ್ಲಿ ಸಿನಿಮಾ, ಸೀರೀಸ್‌ಗಳ ನೆರವಿನಿಂದ ಕಲಿಸುವ ಬಗ್ಗೆ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಬಿ.ಎ. ತರಗತಿಗೆ ‘ಫ್ರಾಂಕನ್‌ಸ್ಟೈನ್’ ಕಾದಂಬರಿ ಇದೆ. ಆಸಕ್ತಿ ಹುಟ್ಟಲಿ ಎಂದು ಮೊದಲು 1931ರ ಸಿನಿಮಾ ತೋರಿಸಿದೆ. ಈಗ ಯಾರೂ ಪುಸ್ತಕ ಮುಟ್ಟುತ್ತಿಲ್ಲ, ಉತ್ತರ ಪತ್ರಿಕೆಯಲ್ಲಿ ಸಿನಿಮಾ ಕತೆಯನ್ನೇ ಬರೆಯುತ್ತಾರೆ. ಏನು ಮಾಡಲಿ? (ಇಂಗ್ಲಿಷ್ ಅಧ್ಯಾಪಕಿ, ಹಾಸನ)

ಉತ್ತರ: ಕ್ರಮ ತಿರುಗಿಸಿ. ಮೊದಲು ಪುಟ ಓದಿಸಿ, ಆಮೇಲೆ ಸಿನಿಮಾ ತೋರಿಸಿ. ಅದನ್ನೂ ಪೂರ್ತಿ ತೋರಿಸಬೇಡಿ, ನಾಲ್ಕು ನಿಮಿಷದ ತುಣುಕು ಸಾಕು. ಆ ಚಿತ್ರ ಸುಮಾರು 70 ನಿಮಿಷದ್ದು. ಹಾಜರಿ, ಪ್ರೊಜೆಕ್ಟರ್ ಗಲಾಟೆ ಎಲ್ಲ ಸೇರಿ ಎರಡು ಪೀರಿಯಡ್ ನುಂಗುತ್ತದೆ. ಅಷ್ಟು ಹೊತ್ತು ಕತೆ ನೋಡಿ ಮುಗಿಸಿದವರು ಮತ್ತೆ ಕತೆ ತಿಳಿಯಲು ಪುಸ್ತಕ ಯಾಕೆ ತೆರೆಯುತ್ತಾರೆ?

ಸಿನಿಮಾದಿಂದ ಉತ್ತರ ಪತ್ರಿಕೆಗೆ ನುಸುಳುವ ತಪ್ಪುಗಳನ್ನು ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ವಿಜ್ಞಾನಿಯ ಹೆಸರು ಹೆನ್ರಿ ಎನ್ನುವುದು ಸಿನಿಮಾದ್ದು. ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ವಿಕ್ಟರ್ ವಿಜ್ಞಾನಿ, ಹೆನ್ರಿ ಅವನ ಗೆಳೆಯ. ಸಿನಿಮಾದವರು ಹೆಸರುಗಳನ್ನು ಅದಲುಬದಲು ಮಾಡಿದರು. ಗೂನು ಬೆನ್ನಿನ ಸಹಾಯಕ, ಕತ್ತಿನ ಬೋಲ್ಟು, ಚಪ್ಪಟೆ ತಲೆ ಇವು ಯಾವುವೂ ಪುಸ್ತಕದಲ್ಲಿಲ್ಲ. ಇವೆಲ್ಲ ಸಣ್ಣವು. ದೊಡ್ಡ ತಪ್ಪು ಮೆದುಳಿನದು. ಸಿನಿಮಾದಲ್ಲಿ ಸಹಾಯಕ ಒಳ್ಳೆಯ ಮೆದುಳಿನ ಜಾಡಿ ಕೈತಪ್ಪಿ ಒಡೆದು, ಅಪರಾಧಿಯ ಮೆದುಳನ್ನು ಹೊತ್ತು ತರುತ್ತಾನೆ. ಅಂದರೆ ವಿಜ್ಞಾನಿ ಕೈಯಾರೆ ಮಾಡಿ ಜೀವ ತುಂಬಿದ ಆ ಜೀವಿ ಹುಟ್ಟಿನಿಂದಲೇ ಕೆಟ್ಟದು ಎಂದಾಯಿತು. ಕಾದಂಬರಿ ಹೇಳುವುದು ಇದಕ್ಕೆ ತದ್ವಿರುದ್ಧ: ಅದು ಒಳ್ಳೆಯದಾಗಿಯೇ ಹುಟ್ಟಿತ್ತು, ಕಂಡಕಂಡವರು ಕಲ್ಲು ಹೊಡೆದು ಕೆಡಿಸಿದರು. ಈ ಒಂದು ಜಾಡಿಯಿಂದ ‘ಹೊರಗಿನವ’ ಎಂಬ ವಿಷಯವೇ ತಲೆಕೆಳಗಾಗುತ್ತದೆ. ಇದನ್ನು ಹಿಡಿದುಕೊಂಡರೆ ನಿಮಗೆ ಒಂದು ಪೀರಿಯಡ್ಡಿನ ಚರ್ಚೆ ಸಿಕ್ಕಂತೆ.

ಮಾತಿನ ವಿಷಯವೂ ಹಾಗೆಯೇ. 1931ರ ಚಿತ್ರದ ಜೀವಿ ಗುರುಗುಟ್ಟುತ್ತದೆ ಅಷ್ಟೆ. ಪುಸ್ತಕದ ಜೀವಿ ಮಿಲ್ಟನ್, ಪ್ಲುಟಾರ್ಕ್, ಗಯಟೆ ಓದಿದೆ, 11ರಿಂದ 16ನೇ ಅಧ್ಯಾಯದವರೆಗೆ ತನ್ನ ಕತೆಯನ್ನು ತಾನೇ ಹೇಳುತ್ತದೆ. ತೆರೆಯ ಮೇಲೆ ನಾವು ಅದನ್ನು ನೋಡುತ್ತೇವೆ, ಪುಟದ ಮೇಲೆ ಅದರ ಮಾತು ಕೇಳುತ್ತೇವೆ. ನಿಮ್ಮ ಪಾಠ ನಿಲ್ಲಬೇಕಾದ್ದು ಈ ವ್ಯತ್ಯಾಸದ ಮೇಲೆ.

50 ನಿಮಿಷದ ಒಂದು ಪೀರಿಯಡ್ ಹೀಗೆ ಹೊಂದಿಸಿ. 15ನೇ ಅಧ್ಯಾಯದಲ್ಲಿ ಜೀವಿ ಕುರುಡು ಮುದುಕ ಡಿ ಲೇಸಿಯ ಮನೆಗೆ ಹೋಗುವ ಮೂರ್ನಾಲ್ಕು ಪುಟಗಳಿವೆ. ಇಬ್ಬರು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸಿ, ಒಬ್ಬರು ಮುದುಕ, ಇನ್ನೊಬ್ಬರು ಜೀವಿ. ಮಗ ಫೀಲಿಕ್ಸ್ ಬಾಗಿಲು ತೆರೆಯುವ ಮುಂಚಿನ ಸಾಲಿಗೆ ನಿಲ್ಲಿಸಿ. ಮುಂದೇನಾಗುತ್ತದೆ ಎಂದು ಎಲ್ಲರೂ ಎರಡು ಸಾಲು ಬರೆಯಲಿ. ಇಷ್ಟಕ್ಕೆ 20 ನಿಮಿಷ. ಉಳಿದದ್ದನ್ನು ನೀವೇ ಓದಿ: ಕಣ್ಣಿಲ್ಲದವನು ಮಾತಿಗೆ ಓಗೊಟ್ಟ, ಕಣ್ಣಿದ್ದ ಮಗ ದೊಣ್ಣೆ ಎತ್ತಿದ. ಆಮೇಲೆ 1935ರ ಮುಂದುವರಿಕೆ ಚಿತ್ರದಿಂದ, ಪಿಟೀಲು ನುಡಿಸುವ ಕುರುಡು ಸನ್ಯಾಸಿಯ ಗುಡಿಸಲಿನ ನಾಲ್ಕು ನಿಮಿಷ ಹಾಕಿ. ಒಮ್ಮೆ ಸದ್ದಿಲ್ಲದೆ, ಒಮ್ಮೆ ಸದ್ದಿನೊಂದಿಗೆ. ಮೊದಲ ಸಲ ಹುಡುಗರು ನಗುತ್ತಾರೆ, ಹಳೆಯ ನಟನೆ ಹಾಗೆ ಕಾಣುತ್ತದೆ. ತಡೆಯಬೇಡಿ. ಎರಡನೆಯ ಸಲ ಕೆಲಸ ಕೊಡಿ: ಸದ್ದಿಲ್ಲದಾಗ ಯಾರ ಮೇಲೆ ಕನಿಕರ ಬಂತು, ಸಂಗೀತ ಸೇರಿದಾಗ ಏನು ಬದಲಾಯಿತು, ಜೀವಿಗೆ ಅಲ್ಲಿ ಎಷ್ಟು ಪದ ಬರುತ್ತದೆ? ಪುಸ್ತಕದಲ್ಲಿ ವಾದ ಮಾಡುವ ಜೀವಿ ಇಲ್ಲಿ ಬ್ರೆಡ್ಡು, ವೈನು, ಗೆಳೆಯ ಎಂದು ತೊದಲುತ್ತದೆ. ನಮ್ಮ ಕನಿಕರ ಸಿಗಬೇಕಾದರೆ ಹೊರಗಿನವನು ಮಗುವಿನಂತಿರಬೇಕೇ, ಸರಿಸಮನಾಗಿ ಮಾತಾಡಿದರೆ ಯಾಕೆ ಅಂಜಿಕೆ ಎಂಬ ಪ್ರಶ್ನೆಯನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ.

ಬಿಡುವಿದ್ದರೆ 13ನೇ ಅಧ್ಯಾಯವನ್ನು ಬಿಡಬೇಡಿ. ಅದೇ ಮನೆಗೆ ತುರ್ಕಿ ವ್ಯಾಪಾರಿಯ ಮಗಳು ಸಾಫಿ ಬರುತ್ತಾಳೆ. ಫೀಲಿಕ್ಸ್ ಅವಳಿಗೆ ಪಾಠ ಹೇಳುತ್ತಾನೆ, ಗೋಡೆಯ ಸಂದಿಯಿಂದ ಜೀವಿಯೂ ಅದೇ ಪಾಠ ಕಲಿಯುತ್ತದೆ, ಅವಳಿಗಿಂತ ಬೇಗ ಕಲಿತೆ ಎಂದು ಹೆಮ್ಮೆಪಡುತ್ತದೆ. ಪರಭಾಷೆಯವರು ಇಬ್ಬರೂ, ಗುರು ಒಬ್ಬನೇ, ಪುಸ್ತಕ ಒಂದೇ. ಒಬ್ಬಳಿಗೆ ಮನೆ ಸಿಕ್ಕಿತು, ಇನ್ನೊಂದಕ್ಕೆ ಪೆಟ್ಟು. ಇದುವರೆಗಿನ ಜನಪ್ರಿಯ ಚಿತ್ರಗಳು ಸಾಫಿಯನ್ನು ಹೆಚ್ಚುಕಡಿಮೆ ಕೈಬಿಟ್ಟಿವೆ, ನಷ್ಟ ಅವುಗಳದ್ದೇ.

ಇನ್ನೊಂದು ಎಚ್ಚರಿಕೆ: ಜೆರಾಕ್ಸ್ ಮಾಡಿಸುವ ಮುನ್ನ ಆವೃತ್ತಿ ನೋಡಿ. 1818ರದು ಮೂರು ಸಂಪುಟ, ಪ್ರತಿ ಸಂಪುಟಕ್ಕೂ ಅಧ್ಯಾಯದ ಎಣಿಕೆ ಮತ್ತೆ ಒಂದರಿಂದ. 1831ರದು ಒಂದೇ ಓಟದ 24 ಅಧ್ಯಾಯ. ಮೇಲೆ ಕೊಟ್ಟಿರುವುದು 1831ರ ಎಣಿಕೆ. ಅದರ 15ನೆಯದು ಹಳೆಯದರಲ್ಲಿ ಎರಡನೇ ಸಂಪುಟದ 7ನೆಯದು. ಅರ್ಧ ತರಗತಿಯ ಕೈಯಲ್ಲಿ ಒಂದು, ಉಳಿದರ್ಧಕ್ಕೆ ಇನ್ನೊಂದು ಇದ್ದರೆ ಪುಟ ಹುಡುಕುವುದರಲ್ಲೇ ಗಂಟೆ ಹೊಡೆಯುತ್ತದೆ.

ಪ್ರಶ್ನೆ: ಗಾಥಿಕ್ ಅಂದರೆ ದೆವ್ವದ ಕತೆ ತಾನೆ? (ಪಿಯು ವಿದ್ಯಾರ್ಥಿ, ತುಮಕೂರು)

ಉತ್ತರ: ದೆವ್ವ ಇರಲೇಬೇಕೆಂದಿಲ್ಲ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಶುರುಮಾಡಿದ ಈ ಬಗೆಯಲ್ಲಿ ಇರಲೇಬೇಕಾದ್ದು ಮೂರು: ಹೊರಬರಲಾಗದ ಒಂದು ಜಾಗ, ಮುಚ್ಚಿಟ್ಟ ಒಂದು ಹಳೆಯ ಅನ್ಯಾಯ, ಅದು ಇವತ್ತಿನವರ ಕತ್ತು ಹಿಡಿಯುವುದು. ದೆವ್ವವಿದ್ದೂ ಇವು ಇಲ್ಲದಿದ್ದರೆ ಅದು ಬರೀ ದೆವ್ವದ ಕತೆ.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಕನ್ನಡ ಮಾಧ್ಯಮದಿಂದ ಬಂದವರು. ಇಂಗ್ಲೆಂಡಿನ ಕೋಟೆ, ಮಠ ಎಂದರೆ ಅವರಿಗೆ ಏನೂ ಹತ್ತುವುದಿಲ್ಲ. ಕನ್ನಡ ಸಿನಿಮಾ ಇಟ್ಟುಕೊಂಡು ಗಾಥಿಕ್ ಕಲಿಸಬಹುದೇ? (ಅಧ್ಯಾಪಕ, ಕೊಪ್ಪಳ)

ಉತ್ತರ: ಧಾರಾಳವಾಗಿ. ‘ಆಪ್ತಮಿತ್ರ’ (2004) ಕಣ್ಣಮುಂದೆಯೇ ಇದೆ. ಹಾಡು, ಸಂಭಾಷಣೆ ಸಮೇತ ಅವರಿಗೆ ಬಾಯಿಪಾಠ, ಆದ್ದರಿಂದ ಕತೆ ಹೇಳುವ ಹೊತ್ತು ಉಳಿಯುತ್ತದೆ. ಅರಮನೆ, ಬೀಗ ಹಾಕಿದ ಕೋಣೆ, ನರ್ತಕಿಯ ಭಾವಚಿತ್ರ, ರಾಜನಿಂದ ಸತ್ತ ಹೆಣ್ಣು, ಹೊಸದಾಗಿ ಮನೆಗೆ ಬಂದ ಸೊಸೆ. ಗಾಥಿಕ್‌ನ ಸಾಮಾನು ಸರಂಜಾಮು ಪೂರ್ತಿ ಇದೆ. ಹಾಸ್ಯದ ಭಾಗ ಬಿಟ್ಟು, ಗಂಗಾ ಕೋಣೆಯ ಬಾಗಿಲ ಬಳಿ ಹೋಗುವ ದೃಶ್ಯ ಒಂದನ್ನು ಮಾತ್ರ ತೆಗೆದುಕೊಳ್ಳಿ. ಕ್ಯಾಮೆರಾ ಬಾಗಿಲನ್ನು ಎಷ್ಟು ಸಲ ತೋರಿಸುತ್ತದೆ, ಒಳಗಿರುವುದನ್ನು ಎಷ್ಟು ತಡ ಮಾಡುತ್ತದೆ ಎಂದು ಎಣಿಸಲಿ.

ಇದರ ಪಕ್ಕಕ್ಕೆ ಆನ್ ರಾಡ್‌ಕ್ಲಿಫ್ ಅವರನ್ನು ತನ್ನಿ. ಅವರ ಕಾದಂಬರಿಗಳಲ್ಲಿ (‘ಉಡೋಲ್ಫೊ’ 1794ರದು) ದೆವ್ವ ಎಂದುಕೊಂಡದ್ದಕ್ಕೆಲ್ಲ ಕೊನೆಯಲ್ಲಿ ಲೌಕಿಕ ಕಾರಣ ಸಿಗುತ್ತದೆ. ‘ಆಪ್ತಮಿತ್ರ’ದಲ್ಲೂ ಮನೋವೈದ್ಯ ಬಂದು ಇದು ಕಾಯಿಲೆ ಎನ್ನುತ್ತಾನೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಕಾರಣ ಸಿಕ್ಕಿತು, ಕತೆ ಮುಗಿಯಿತು ಎಂದು ಬರೆಯುತ್ತಾರೆ. ‘ಗಂಗಾ ಗುಣವಾದಳು ಸರಿ, ನಾಗವಲ್ಲಿಗೆ ನ್ಯಾಯ ಸಿಕ್ಕಿತೇ?’ ಎಂದು ಕೇಳಿ ನೋಡಿ. ತರಗತಿ ಎರಡು ಪಾಲಾಗುತ್ತದೆ.

ಇದಕ್ಕಿಂತ ಸ್ವಾರಸ್ಯವಾದದ್ದು ಭಾಷೆಯ ವಿಷಯ. ಮೂಲ ಮಲಯಾಳ ಚಿತ್ರದಲ್ಲಿ (1993) ಆ ನರ್ತಕಿ ತಮಿಳಿನವಳು. ಕನ್ನಡದಲ್ಲಿ ಅವಳು ‘ರಾ ರಾ’ ಎಂದು ತೆಲುಗಿನಲ್ಲಿ ಕರೆಯುತ್ತಾಳೆ. ತಮಿಳಿನಲ್ಲಿ (2005) ಕೂಡ ತೆಲುಗೇ. ಹಿಂದಿಗೆ (2007) ಹೋದಾಗ ಬಂಗಾಳಿ ಆದಳು. ಬೋರ್ಡಿನ ಮೇಲೆ ನಾಲ್ಕು ಸಾಲಿನಲ್ಲಿ ಬರೆಯಿರಿ, ಇನ್ನೇನೂ ಹೇಳಬೇಡಿ. ಪ್ರತಿ ಸೀಮೆಯವರೂ ದೆವ್ವವನ್ನು ಬೇರೆ ಸೀಮೆಯಿಂದ ತರಿಸಿಕೊಂಡಿದ್ದಾರೆ ಎಂಬುದು ಅವರಿಗೇ ಹೊಳೆಯುತ್ತದೆ.

ಆಗ ‘ಜೇನ್ ಐರ್’ (1847) ಕಾದಂಬರಿ ತೆರೆಯಿರಿ. ನಾಯಕ ಮಹಡಿಯಲ್ಲಿ ಕೂಡಿಹಾಕಿದ ಮೊದಲ ಹೆಂಡತಿ ಬರ್ಥಾ ಜಮೈಕಾದವಳು. ಅವಳಿಗೆ ಆ ಪುಸ್ತಕದಲ್ಲಿ ನಗು ಇದೆ, ಕಿರುಚಾಟ ಇದೆ, ಮಾತಿಲ್ಲ. 1966ರಲ್ಲಿ ಜೀನ್ ರೀಸ್ ತಮ್ಮ ಕಾದಂಬರಿಯಲ್ಲಿ ಅವಳಿಗೆ ಮಾತು ಕೊಟ್ಟರು. ಮನೆಗೆಲಸವಾಗಿ ನಾಗವಲ್ಲಿಯ ಬಾಯಲ್ಲಿ ಒಂದು ಪುಟದ ಹೇಳಿಕೆ ಬರೆಸಿ. ನಿಯಮ ಎರಡೇ: ಸೇಡು ಎಂಬ ಪದ ಬಳಸುವಂತಿಲ್ಲ, ಅವಳು ಸಾಯುವ ಮುಂಚಿನ ದಿನದ ಒಂದು ಸಾಮಾನ್ಯ ಕೆಲಸ ಬರಬೇಕು. ಈ ನಿಯಮಗಳಿಲ್ಲದಿದ್ದರೆ 40 ಪುಟಗಳೂ ‘ನಿನ್ನನ್ನು ಬಿಡುವುದಿಲ್ಲ ರಾಜ’ ಎಂದೇ ಶುರುವಾಗುತ್ತವೆ.

ಪ್ರಶ್ನೆ: ಹಾಗಿದ್ದರೆ ‘ಕಾಂತಾರ’ವನ್ನೂ ಗಾಥಿಕ್ ಎಂದು ಹೇಳಿಕೊಡಬಹುದಲ್ಲ? ಭೂತ, ಕಾಡು, ಜಮೀನ್ದಾರ ಎಲ್ಲ ಇದೆ. (ಉಪನ್ಯಾಸಕ, ದಾವಣಗೆರೆ)

ಉತ್ತರ: ಬೇಡ. ಗಾಥಿಕ್‌ನ ಪ್ರೇತ ಕರೆಯದೆ ಬರುತ್ತದೆ, ಬಂದದ್ದೇ ಅನಾಹುತ. ತುಳುನಾಡಿನ ದೈವವನ್ನು ಊರವರು ಸೇರಿ, ದಿನ ಗೊತ್ತುಮಾಡಿ, ಕೋಲ ಕಟ್ಟಿ ಕರೆಯುತ್ತಾರೆ. ಅದು ನುಡಿ ಕೊಡುತ್ತದೆ, ವ್ಯಾಜ್ಯ ತೀರಿಸುತ್ತದೆ, ಅಭಯ ಹೇಳುತ್ತದೆ. ಘಟ್ಟದ ಮೇಲಿನವರಿಗೆ ಭೂತ ಎಂದರೆ ಪ್ರೇತ ಎನಿಸುತ್ತದೆ, ಕರಾವಳಿಯಲ್ಲಿ ಅದು ಮನೆಯ ಪೂಜೆ ಪಡೆಯುವ ದೈವ. ನಿಮ್ಮ ತರಗತಿಯಲ್ಲಿ ಆ ಕಡೆಯ ಒಬ್ಬ ವಿದ್ಯಾರ್ಥಿ ಇದ್ದರೂ, ಅವನ ಮನೆಯ ದೈವವನ್ನು ಡ್ರಾಕುಲಾನ ಪಕ್ಕ ಕೂರಿಸಿದಂತಾಗುತ್ತದೆ.

ಜಮೀನು ಕಳೆದುಕೊಂಡವರು, ಹಳೆಯ ಮಾತು ತಪ್ಪಿದ ದೊರೆಮನೆ, ಆ ಪಾಪ ಮೊಮ್ಮಕ್ಕಳ ಕಾಲಕ್ಕೆ ಎದ್ದುಬರುವುದು ಇಷ್ಟನ್ನು ಮಾತ್ರ ಗಾಥಿಕ್ ಕತೆಗಳ ಕುಲದ ಪಾಪದೊಂದಿಗೆ ಹೋಲಿಸಬಹುದು. ಹೋಲಿಕೆ ಕತೆಯ ಹಂದರಕ್ಕೆ ನಿಲ್ಲಲಿ, ಆರಾಧನೆಗೆ ಬೇಡ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ‘ವೆನ್ಸ್‌ಡೇ’ ಸೀರೀಸ್ ನೋಡಿ ಕಪ್ಪು ಬಟ್ಟೆ ಬಿಟ್ಟು ಬೇರೆ ಹಾಕುವುದಿಲ್ಲ. ಇದರಿಂದ ಅವಳಿಗೆ ಸಾಹಿತ್ಯ ಓದಿಸಲು ಸಾಧ್ಯವೇ? (ತಾಯಿ, ಬೆಂಗಳೂರು)

ಉತ್ತರ: ಸಾಧ್ಯ, ಬಾಗಿಲು ತೆರೆದೇ ಇದೆ. 2022ರ ಆ ಸೀರೀಸ್‌ನಲ್ಲಿ ಶಾಲೆಯ ಹೆಸರು ನೆವರ್‌ಮೋರ್. ಅದು ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ ‘ದಿ ರೇವನ್’ ಕವಿತೆಯಲ್ಲಿ ಕಾಗೆಯಂಥ ಹಕ್ಕಿ ಮತ್ತೆ ಮತ್ತೆ ಹೇಳುವ ಪದ. ಕವಿತೆ 18 ಚರಣ, ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ ಹಿಡಿಯುವುದಿಲ್ಲ. ಅರ್ಥಕ್ಕಿಂತ ಮೊದಲು ಲಯ ಹಿಡಿಯಲಿ. ಮೊದಲ ಓದಿನಲ್ಲಿ ಡಿಕ್ಷನರಿ ಬೇಡ.

ಸೀರೀಸ್‌ನ ಮೂರನೇ ಕಂತು ಚರ್ಚೆಗೆ ಒಳ್ಳೆಯದು. ಊರಿನವರು ತಮ್ಮ ಸಂಸ್ಥಾಪಕನ ಪ್ರತಿಮೆ ಅನಾವರಣ ಮಾಡುತ್ತಾರೆ, ಅವನೇ ಹಿಂದೆ ‘ಹೊರಗಿನವ’ರನ್ನು ಸುಟ್ಟವನು. ಪ್ರವಾಸಿ ಅಂಗಡಿಯಲ್ಲಿ ಸಿಹಿ ಮಾರಲು ನಿಂತ ವೆನ್ಸ್‌ಡೇ ಗಿರಾಕಿಗಳಿಗೆ ನಿಜವಾದ ಚರಿತ್ರೆ ಹೇಳಿಬಿಡುತ್ತಾಳೆ. ಊರು ಯಾವುದನ್ನು ಮೆರೆಸುತ್ತದೆ, ಯಾವುದನ್ನು ಮುಚ್ಚುತ್ತದೆ ಎಂದು ಮಗಳನ್ನು ಕೇಳಿ.

ಒಂದು ಕೊರತೆಯೂ ಇದೆ, ಅದನ್ನು ಅವಳೇ ಕಂಡುಕೊಳ್ಳಲಿ. ವೆನ್ಸ್‌ಡೇಗೆ ದುಡ್ಡಿದೆ, ಬೆನ್ನಿಗೆ ನಿಲ್ಲುವ ಮನೆಯಿದೆ, ಒಂಟಿತನ ಅವಳು ಆರಿಸಿಕೊಂಡ ಉಡುಪಿನಂತೆ. ಶೆಲ್ಲಿಯ ಜೀವಿಗೆ ಆ ಉಡುಪನ್ನು ಕಳಚಿಡುವ ಅವಕಾಶವೇ ಇಲ್ಲ. ಬೇಕೆಂದು ಹೊರಗೆ ನಿಂತವರು, ನೂಕಿಸಿಕೊಂಡು ಹೊರಗೆ ಬಿದ್ದವರು ಎಂದು ಎರಡು ಕಾಲಂ ಮಾಡಿ, ತಾನು ನೋಡಿದ ಪಾತ್ರಗಳನ್ನು ಹಂಚಲಿ. ರಕ್ತಪಾತದ ದೃಶ್ಯಗಳಿವೆ, ತೆರೆಯ ಮೇಲೆ ಬರುವ ವಯೋಮಿತಿ ನೋಡಿಕೊಂಡು ಮುಂದುವರಿಯಿರಿ. ಕಪ್ಪು ಬಟ್ಟೆಯ ಗೊಡವೆಗೆ ಹೋಗದಿರುವುದು ಲೇಸು.

ಪ್ರಶ್ನೆ: ಹಗಲು ಬೆಳಕಿಗೆ ಡ್ರಾಕುಲಾ ಸುಟ್ಟುಹೋಗುತ್ತಾನೆ ಎಂದು ಬರೆದದ್ದಕ್ಕೆ ಅಂಕ ಕೊಡಲಿಲ್ಲ. ಸರಿಯೇ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಸರಿ. 1897ರ ಕಾದಂಬರಿಯಲ್ಲಿ ಅವನು ಹಗಲಲ್ಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಸಾಯುವುದು ಚಾಕುಗಳಿಂದ, ಅದರಲ್ಲಿ ಒಂದು ಗೂರ್ಖಾ ಕುಕ್ರಿ. ಬಿಸಿಲಿಗೆ ಕರಗುವುದನ್ನು ತಂದದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’. ಆಮೇಲಿನ ಸಿನಿಮಾಗಳು ಅದನ್ನೇ ಹಿಡಿದವು.

ಪ್ರಶ್ನೆ: ಭಯ ಹುಟ್ಟಿಸುವುದಕ್ಕೂ ಬೆಚ್ಚಿಬೀಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಲು ಒಂದು ದೃಶ್ಯ ಹೇಳಿ. (ರಂಗಶಿಕ್ಷಕ, ಧಾರವಾಡ)

ಉತ್ತರ: 1931ರ ಚಿತ್ರದ ಕೆರೆ ದಡದ ದೃಶ್ಯ. ಪುಟ್ಟ ಹುಡುಗಿ ಹೂ ತೇಲಿಬಿಡುವುದನ್ನು ಕಲಿಸುತ್ತಾಳೆ. ಹೂ ಮುಗಿದಾಗ, ಅವಳೂ ತೇಲುತ್ತಾಳೆ ಎಂದುಕೊಂಡು ಜೀವಿ ಅವಳನ್ನೇ ನೀರಿಗೆ ಎಸೆಯುತ್ತದೆ. ಸೆನ್ಸಾರಿನವರು ಎಸೆಯುವುದನ್ನು ಕತ್ತರಿಸಿದರು. ಆಗ ಉಳಿದದ್ದು ಚಾಚಿದ ಕೈ, ಆಮೇಲೆ ಹೆಣ ಹೊತ್ತ ಅಪ್ಪ. ನಡುವೆ ಏನಾಯಿತೆಂದು ನೋಡುಗರು ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಂಡರು, ಮುಗ್ಧ ತಪ್ಪು ರಾಕ್ಷಸ ಕೃತ್ಯವಾಯಿತು. ಆ ಭಾಗ ಮರಳಿ ಸೇರಿದ್ದು 1980ರ ದಶಕದಲ್ಲಿ. ಮೊದಲು ಕೈ ಚಾಚುವಲ್ಲಿಗೆ ನಿಲ್ಲಿಸಿ ಅಪ್ಪನ ದೃಶ್ಯಕ್ಕೆ ಹಾರಿ, ಆಮೇಲೆ ಪೂರ್ತಿ ತೋರಿಸಿ. ಪದವಿ ತರಗತಿಗೆ ಸರಿ, ಹೈಸ್ಕೂಲಿಗೆ ಬೇಡ.

ರಾಡ್‌ಕ್ಲಿಫ್ ಅವರ ಒಂದು ಪ್ರಬಂಧ (1826, ಅವರು ತೀರಿಕೊಂಡ ಮೇಲೆ ಅಚ್ಚಾದದ್ದು) ಇದನ್ನೇ ವಿವರಿಸುತ್ತದೆ: ಮಸುಕಾಗಿರುವುದು ಮನಸ್ಸನ್ನು ಹಿಗ್ಗಿಸುತ್ತದೆ, ಕಣ್ಣಿಗೆ ರಾಚಿದ್ದು ಮರಗಟ್ಟಿಸುತ್ತದೆ.

ಪ್ರಶ್ನೆ: ‘ಹೊರಗಿನವರು’ ಎಂಬ ಚರ್ಚೆ ಜಾತಿಗೆ ತಿರುಗಿತು. ಒಬ್ಬ ವಿದ್ಯಾರ್ಥಿ, ಆ ಜೀವಿ ದಲಿತರಂತೆ ಎಂದ. ಇನ್ನೊಬ್ಬ ಎದ್ದು ಹೊರಗೆ ಹೋದ. ಹೇಗೆ ನಿಭಾಯಿಸಬೇಕಿತ್ತು? (ಅಧ್ಯಾಪಕಿ, ಕೋಲಾರ)

ಉತ್ತರ: ಊರು, ಕೇರಿ ಇರುವ ನಾಡಿನಲ್ಲಿ ಈ ಮಾತು ಬಂದೇ ಬರುತ್ತದೆ, ತಡೆಯಲು ಹೋಗಬೇಡಿ. ಆದರೆ ಹೋಲಿಕೆ ರಾಕ್ಷಸನ ಕಡೆಯಿಂದ ಶುರುವಾದರೆ ಎದುರಿಗೆ ಕೂತ ಹುಡುಗನಿಗೆ ಅದು ಇನ್ನೊಂದು ಬೈಗುಳ. ಕಲ್ಲು ಹೊಡೆದವರ ಕಡೆಯಿಂದ ಶುರುಮಾಡಿ. 11ನೇ ಅಧ್ಯಾಯದಲ್ಲಿ ಹಸಿದ ಜೀವಿ ಹಳ್ಳಿಗೆ ಕಾಲಿಟ್ಟಾಗ ಊರವರು ಏನು ಮಾಡಿದರು? ಅವರಿಗೆ ಅದು ಏನು ಕೆಡುಕು ಮಾಡಿತ್ತು? ಹೀಗೆ ಕೇಳಿದರೆ ತನಿಖೆಗೆ ನಿಲ್ಲುವುದು ಊರು.

‘ನಿಮ್ಮಲ್ಲಿ ಯಾರಿಗೆ ಹೊರಗಿನವರೆಂಬ ಅನುಭವ ಆಗಿದೆ, ಹೇಳಿ’ ಎಂದು ತರಗತಿಯಲ್ಲಿ ಕೇಳಲೇಬಾರದು. ಹೇಳುವ ಹೊಣೆ ಯಾವಾಗಲೂ ಅದೇ ಇಬ್ಬರು ಮೂವರ ಮೇಲೆ ಬೀಳುತ್ತದೆ, ಉಳಿದವರು ಪ್ರೇಕ್ಷಕರಾಗುತ್ತಾರೆ. ಅನುಭವ ಪುಸ್ತಕದಿಂದ ಬರಲಿ. ಸಿದ್ಧಲಿಂಗಯ್ಯನವರ ಆತ್ಮಕತೆ ‘ಊರುಕೇರಿ’ಯಿಂದ ಎರಡು ಪುಟ ಓದಿಸಿ. ಅಲ್ಲಿನ ನಗೆ ಕೇಳಿದವರು ಕನಿಕರದ ಭಾಷಣ ಮಾಡಲಾರರು. ಹೊರಗೆ ಹೋದ ವಿದ್ಯಾರ್ಥಿಯನ್ನು ಮರುದಿನ ಎಲ್ಲರೆದುರು ಮಾತಾಡಿಸಬೇಡಿ, ಪ್ರತ್ಯೇಕವಾಗಿ ಕೇಳಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಕಾಣುವ ಒಟಿಟಿ ಚಿತ್ರ ಪ್ರೊಜೆಕ್ಟರ್‌ಗೆ ಹಾಕಿದರೆ ಬರೀ ಸದ್ದು, ಚಿತ್ರ ಕಪ್ಪು. ಜೊತೆಗೆ, ತರಗತಿಯಲ್ಲಿ ತೋರಿಸುವುದಕ್ಕೆ ಅನುಮತಿ ಬೇಕೇ? (ಅಧ್ಯಾಪಕ, ಉಡುಪಿ)

ಉತ್ತರ: ಹೆಚ್ಚಾಗಿ ಅದು ನಕಲು ತಡೆಯುವ ಬೀಗದ ಕೆಲಸ. ಹಳೆಯ ವಿಜಿಎ ಪ್ರೊಜೆಕ್ಟರ್‌ಗೆ ಅಡಾಪ್ಟರ್ ಸಿಕ್ಕಿಸಿದಾಗ, ಇಲ್ಲವೇ ಮೀಟಿಂಗ್ ಆ್ಯಪ್‌ನಲ್ಲಿ ಸ್ಕ್ರೀನ್ ಹಂಚಿದಾಗ ಹೀಗಾಗುತ್ತದೆ. ಎಚ್‌ಡಿಎಂಐ ಕೇಬಲ್ ನೇರವಾಗಿ ಹಾಕಿ. ಆಗದಿದ್ದರೆ ಡಿವಿಡಿ ಹಿಡಿಯಿರಿ. ಹಿಂದಿನ ದಿನ ಅದೇ ಕೋಣೆಯಲ್ಲಿ ಹಾಕಿ ನೋಡಿ, ತುಣುಕಿನ ಶುರು, ಕೊನೆಯ ನಿಮಿಷ ಸೆಕೆಂಡು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರಿಗೆ ಮಾತ್ರ ಚಿತ್ರ ತೋರಿಸಿದರೆ ಅದು ಉಲ್ಲಂಘನೆಯಲ್ಲ. ಊರವರನ್ನು ಕರೆದು ಟಿಕೆಟ್ ಇಟ್ಟರೆ ಮಾತು ಬೇರೆ. ಒಟಿಟಿ ಚಂದಾದ ಷರತ್ತುಗಳು ಪ್ರತ್ಯೇಕ, ಬಹುತೇಕ ಮನೆಬಳಕೆಗೆ ಎಂದೇ ಇರುತ್ತವೆ, ಓದಿಕೊಳ್ಳಿ.

ಪ್ರಶ್ನೆ: ಸಿನಿಮಾ ಮತ್ತು ಪುಸ್ತಕ ಎರಡನ್ನೂ ಸೇರಿಸಿ 10 ಅಂಕದ ಪ್ರಶ್ನೆ ಹೇಗೆ ಕೇಳುವುದು? (ಅಧ್ಯಾಪಕಿ, ಕಲಬುರಗಿ)

ಉತ್ತರ: ‘ಹೋಲಿಸಿ ಬರೆಯಿರಿ’ ಎಂದು ಕೇಳಿದರೆ ಎರಡು ಕತೆಯ ಸಾರಾಂಶ ಬರುತ್ತದೆ. ಒಂದು ಬದಲಾವಣೆಯನ್ನು ಹೆಸರಿಸಿ ಕೇಳಿ: ‘ಅಪರಾಧಿಯ ಮೆದುಳು ಎಂಬ ಸೇರ್ಪಡೆಯಿಂದ ಜೀವಿಯ ಅಪರಾಧದ ಹೊಣೆ ಯಾರಿಂದ ಯಾರಿಗೆ ಜಾರುತ್ತದೆ?’ ಪುಸ್ತಕದ ಸಾಲು ಅಥವಾ ಸನ್ನಿವೇಶದ ಆಧಾರಕ್ಕೆ 5, ದೃಶ್ಯದಲ್ಲಿ ಗಮನಿಸಿದ ನಿರ್ದಿಷ್ಟ ವಿವರಕ್ಕೆ 2, ವಾದಕ್ಕೆ 3. ತುಣುಕು ತೋರಿಸಿದ ದಿನ ಗೈರಾದವರಿಗಾಗಿ ದೃಶ್ಯದ ನಾಲ್ಕು ಸಾಲಿನ ವಿವರಣೆಯನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿಸಿ. ಇಲ್ಲದಿದ್ದರೆ ನೀವು ಅಳೆಯುವುದು ಓದನ್ನಲ್ಲ, ಹಾಜರಿಯನ್ನು.